ಕ್ಲಬ್‌ಹೌಸ್‌ಗೆ ಜಪಾನಿ ಶೈಲಿ ಬೇಕೆನ್ನುವವರಿಗೆ

ಬುದ್ಧನ ತಲೆ, ಕೆಂಪು ಗೂಡುದೀಪಗಳ ಖರೀದಿಯಿಂದ ಆರಂಭಿಸಬೇಡಿ. ಮೊದಲು ಬೆಳಕನ್ನು ಗಮನಿಸಿ. ಶೋಜಿ ಎಂದರೆ ಮರದ ಜಾಲರಿಗೆ ವಾಶಿ ಎಂಬ ಜಪಾನಿ ಕಾಗದ ಅಂಟಿಸಿದ ಜಾರುಬಾಗಿಲು. ಬಿಸಿಲನ್ನು ಸೋಸಿ ಒಳಗೆ ಬಿಡುತ್ತದೆ. ಮಕ್ಕಳು ಓಡಾಡುವಲ್ಲಿ ಕಾಗದ ಉಳಿಯುವುದು ಕಷ್ಟ, ಹಾಲುಬಣ್ಣದ ಅಕ್ರಿಲಿಕ್ ಹಾಳೆ ಹಾಕಿಸಿ. ಚಾವಣಿಯ ಬಿಳಿ ದೀಪಗಳನ್ನು ತೆಗೆಸಿ, 2700 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ) ಹಳದಿ ಬೆಳಕನ್ನು ಕೆಳಮಟ್ಟದಲ್ಲಿ ಕೊಡಿ. ಅರ್ಧ ಕೆಲಸ ಅಲ್ಲಿಗೇ ಮುಗಿಯಿತು!

ತತಾಮಿ ಚಾಪೆ ಸುಮಾರು 90 ಸೆಂ.ಮೀ. ಅಗಲ, 180 ಸೆಂ.ಮೀ. ಉದ್ದ, ಪ್ರದೇಶಕ್ಕೆ ತಕ್ಕಂತೆ ಅಳತೆ ಬದಲಾಗುವುದರಿಂದ ಕೋಣೆ ಅಳೆದೇ ತರಿಸಿ. ತೇವ ತಾಗಿದರೆ ಬೂಷ್ಟು ಹಿಡಿಯುತ್ತದೆ, ಹಾಗಾಗಿ ಈಜುಕೊಳದ ಪಕ್ಕ ಬೇಡವೇ ಬೇಡ. ತೊಕೊನೊಮಾ ಎಂಬ ಅಲಂಕಾರದ ಗೂಡಿನಲ್ಲಿ ಒಂದು ಸುರುಳಿಚಿತ್ರ, ಒಂದು ಹೂದಾನಿ ಸಾಕು. ಟ್ರೋಫಿಗಳಿಗೆ ಬೇರೆ ಕಪಾಟು ಮಾಡಿಸಿ.