ಮಧ್ಯಬಿಂದುವಿಗೆ ಮೊದಲೇ 2 ಇಟ್ಟುಕೊಂಡದ್ದು

ಹತ್ತನೇ ಕ್ಲಾಸಿಗೆ ಗಣಿತ ತೆಗೆದುಕೊಳ್ಳಲು ಶುರು ಮಾಡಿದ ಹೊಸತು. ಯಾವ ಚತುರ್ಭುಜವನ್ನೇ ತೆಗೆದುಕೊಳ್ಳಿ, ಅದರ ನಾಲ್ಕು ಬಾಹುಗಳ ಮಧ್ಯಬಿಂದುಗಳನ್ನು ಸಾಲಾಗಿ ಸೇರಿಸಿದರೆ ಸಮಾಂತರ ಚತುರ್ಭುಜ ಸಿಗುತ್ತದೆ. ಇದನ್ನು ನಿರ್ದೇಶಾಂಕಗಳಿಂದ, ಅಂದರೆ ಬಿಂದು ಎಲ್ಲಿದೆ ಎಂದು ಹೇಳುವ ಜೋಡಿ ಅಂಕಿಗಳಿಂದ, ಸಾಧಿಸಿ ತೋರಿಸೋಣ ಅಂತ ಬೋರ್ಡಿಗೆ ನಿಂತೆ. ಶೃಂಗಗಳನ್ನು, ಅಂದರೆ ಮೂಲೆಗಳನ್ನು, (0, 0), (ಎ, 0), (ಎ+ಬಿ, ಸಿ), (ಬಿ, ಸಿ) ಎಂದು ಬರೆದೆ. ಲೆಕ್ಕ ಸಲೀಸಾಗಿ ಬಂತು. ನನಗೂ ಖುಷಿ.

ಅಷ್ಟರಲ್ಲಿ ಒಬ್ಬಳು ಹುಡುಗಿ ಎದ್ದಳು. "ಮಿಸ್, ನೀವು ತಗೊಂಡಿರೋದೇ ಸಮಾಂತರ ಚತುರ್ಭುಜ ಅಲ್ವಾ?"

ತಿರುಗಿ ನೋಡಿದೆ. ಕೆಳಗಿನ ಬಾಹು ಮಲಗಿದೆ, ಉದ್ದ ಎ. ಮೇಲಿನದೂ ಮಲಗಿದೆ, ಅದರ ಉದ್ದವೂ ಎ. ಯಾವುದೇ ಚತುರ್ಭುಜ ಅಂತ ಹೇಳಿ, ನನಗೆ ಬೇಕಾದದ್ದನ್ನೇ ಇಟ್ಟುಕೊಂಡು ಕೂತಿದ್ದೆ. ಡಸ್ಟರ್ ತೆಗೆದುಕೊಂಡು ಪೂರ್ತಿ ಒರೆಸಿದೆ.

ಆವತ್ತಿನಿಂದ ಶೃಂಗ ಬರೆಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ನೋಟ್‌ಬುಕ್ ಸರಿಸಿ, ತಿರುಗಿಸಿ ಎಷ್ಟು ಸೊನ್ನೆ ತರಬಹುದು? ಒಂದು ಮೂಲೆಯನ್ನು ಮೂಲಬಿಂದುವಿಗೆ ಎಳೆಯಬಹುದು. ಒಂದು ಬಾಹುವನ್ನು ಎಕ್ಸ್ ಅಕ್ಷದ ಮೇಲೆ ಮಲಗಿಸಬಹುದು. ಇಷ್ಟಕ್ಕೆ ಚಿತ್ರದ ಆಕಾರ ಬದಲಾಗುವುದಿಲ್ಲ. ಮುಂದಿನ ಎರಡು ಮೂಲೆಗಳನ್ನು ಮಾತ್ರ ಅವುಗಳ ಪಾಡಿಗೆ ಬಿಡಬೇಕು.

ಇನ್ನೊಂದು ಉಪಾಯ 2. ಮಧ್ಯಬಿಂದು ಎಂದ ಮೇಲೆ ಎರಡು ತುದಿಗಳ ಅಂಕಿಗಳನ್ನು ಕೂಡಿ 2ರಿಂದ ಭಾಗಿಸುವುದು ಇದ್ದೇ ಇದೆ. ಹಾಗಾಗಿ ಮೊದಲೇ (0, 0), (2ಎ, 0), (2ಬಿ, 2ಸಿ), (2ಡಿ, 2ಇ) ಎಂದು ಬರೆಯುತ್ತೇನೆ. ಮಧ್ಯಬಿಂದುಗಳು (ಎ, 0), (ಎ+ಬಿ, ಸಿ), (ಬಿ+ಡಿ, ಸಿ+ಇ), (ಡಿ, ಇ). ಎಲ್ಲೂ ಭಿನ್ನರಾಶಿ ಇಲ್ಲ. "2 ಹಾಕಿದ್ರೆ ಬರೀ ಸಮಸಂಖ್ಯೆಗೆ ಮಾತ್ರ ಆಗಲ್ವಾ ಮಿಸ್?" ಅಂತ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಆಗಲ್ಲ. ಮೂಲೆ 7ರಲ್ಲಿದ್ದರೆ ಎ 3.5 ಆಗುತ್ತದೆ, ಅಷ್ಟೇ.

ಇಲ್ಲಿಂದ ಎದುರು ಬಾಹುಗಳು ಸಮಾಂತರ ಎಂದು ತೋರಿಸಲು ಹಲವರು ಸ್ಲೋಪ್ (ಬಾಹು ಎಷ್ಟು ಓರೆ ಎಂಬ ಲೆಕ್ಕ) ಕಡೆ ಓಡುತ್ತಾರೆ. ನಾನು ಹೋಗಲ್ಲ. ಬಾಹು ನೆಟ್ಟಗೆ ನಿಂತಿದ್ದರೆ ಛೇದದಲ್ಲಿ ಸೊನ್ನೆ ಬಂದು ತಕರಾರು. ಅದರ ಬದಲು ಮಧ್ಯಬಿಂದು ಸೂತ್ರವನ್ನೇ ಇನ್ನೊಮ್ಮೆ ಬಳಸುತ್ತೇನೆ, ಈ ಸಲ ಒಳಗಿನ ಆಕೃತಿಯ ಕರ್ಣಗಳಿಗೆ. ಒಂದು ಕರ್ಣದ ನಡುವೆ ((ಎ+ಬಿ+ಡಿ)/2, (ಸಿ+ಇ)/2). ಇನ್ನೊಂದರ ನಡುವೆಯೂ ಅದೇ. ಕರ್ಣಗಳು ಪರಸ್ಪರ ಅರ್ಧಿಸಿದವು, ಅಂದಮೇಲೆ ಸಮಾಂತರ ಚತುರ್ಭುಜ. ಫ್ರಾನ್ಸಿನ ಪಿಯೆರ್ ವಾರಿನ್ಯೋನ್ ಹೆಸರಿನ ಪ್ರಮೇಯ ಇದು. ಅವರು ತೀರಿಕೊಂಡದ್ದು 1722ರಲ್ಲಿ, ಇದು ಅಚ್ಚಾದದ್ದು 1731ರಲ್ಲಿ.

ಮಕ್ಕಳು ಜಾಸ್ತಿ ಎಡವುವುದು ಇಲ್ಲೆಲ್ಲೂ ಅಲ್ಲ, ಮಧ್ಯಬಿಂದು ಸೂತ್ರದಲ್ಲೇ. ದೂರ ಸೂತ್ರದಲ್ಲಿ ಕಳೆದು ಕಳೆದು ಅಭ್ಯಾಸವಾಗಿ, ಇಲ್ಲೂ ಕಳೆದು ಅರ್ಧ ಮಾಡುತ್ತಾರೆ. ಆಗ ಮೈಲಿಗಲ್ಲು ನೆನಪಿಸುತ್ತೇನೆ. 4ನೇ ಕಿಲೋಮೀಟರ್ ಕಲ್ಲಿಗೂ 10ನೇ ಕಲ್ಲಿಗೂ ನಡುವಿನ ಕಲ್ಲು ಯಾವುದು? 7. ಕಳೆದು ಅರ್ಧ ಮಾಡಿದರೆ 3 ಬರುತ್ತದೆ, ಆ ಕಲ್ಲನ್ನು ಬಸ್ಸು ಯಾವಾಗಲೋ ದಾಟಿ ಬಂದಿದೆ.

ಲಂಬಕೋನ ತ್ರಿಭುಜಕ್ಕೂ 2 ನೆರವಾಗುತ್ತದೆ. (0, 0), (2ಎ, 0), (0, 2ಬಿ) ಇಟ್ಟರೆ ವಿಕರ್ಣದ (ಲಂಬಕೋನದ ಎದುರಿನ ಬಾಹುವಿನ) ಮಧ್ಯ (ಎ, ಬಿ). ಅಲ್ಲಿಂದ ಮೂರು ಮೂಲೆಗೂ ದೂರ ಒಂದೇ, ಎರಡು ಸಾಲಿನಲ್ಲಿ ಮುಗಿಯುತ್ತದೆ.

ಈ ವರ್ಷ ಒಬ್ಬ ಹುಡುಗ ಬೇಕೆಂದೇ ಒಳಗೆ ತಗ್ಗಿದ ಚತುರ್ಭುಜ ಬರೆದು ತಂದ: (0, 0), (8, 0), (4, 2), (0, 8). "ಇದಕ್ಕೆ ಆಗಲ್ಲ ಮಿಸ್." ಇಬ್ಬರೂ ಕೂತು ಲೆಕ್ಕ ಹಾಕಿದೆವು. ಮಧ್ಯಬಿಂದುಗಳು (4, 0), (6, 1), (2, 5), (0, 4). ಎರಡೂ ಕರ್ಣಗಳ ನಡುವೆ (3, 2.5). ಸ್ಕೇಲ್ ಇಟ್ಟು ಇನ್ನೊಮ್ಮೆ ಅಳೆದು ನೋಡಿ, ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಹೋದ.