ಗೋವಾಕ್ಕೆ ಹೊರಟಿದ್ದೀರಾ? ‘ಗ್ಲುಟೆನ್’ ಅನ್ನಬೇಡಿ, ‘ರವೆ’ ಅಂತ ಕೇಳಿ

ದಕ್ಷಿಣ ಗೋವಾದ ಬೀಚ್ ಪಕ್ಕದ ಒಂದು ಶ್ಯಾಕಿನಲ್ಲಿ ಊಟಕ್ಕೆ ಕೂತಿದ್ದೆವು. ಮಗಳಿಗೆ ಆಗ ಹನ್ನೊಂದು ವರ್ಷ, ಗೋಧಿ ತಿಂದರೆ ಕರುಳು ಕೆಡುವ ಸೀಲಿಯಾಕ್ ಕಾಯಿಲೆ ಇದೆ ಅಂತ ಗೊತ್ತಾಗಿ ಎಂಟು ತಿಂಗಳಾಗಿತ್ತು ಅಷ್ಟೇ. ‘ಫಿಶ್ ಫ್ರೈ ಗ್ಲುಟೆನ್ ಫ್ರೀ ಅಲ್ವಾ?’ ಅಂತ ಕೇಳಿದೆ. ಹುಡುಗ ತಲೆಯಾಡಿಸಿದ. ‘ಮೈದಾ ಇಲ್ಲ ತಾನೆ?’ ಅಂದೆ. ‘ಮೈದಾ ಹಾಕುವುದೇ ಇಲ್ಲ’ ಅಂದ. ಅವನು ಸುಳ್ಳು ಹೇಳಲಿಲ್ಲ. ಮೈದಾ ಇರಲಿಲ್ಲ, ರವೆ ಇತ್ತು. ನಾನು ಕುಮಟಾದವಳು, ಬಂಗಡೆಗೆ ರವೆ ಹಚ್ಚಿ ಕಾವಲಿಗೆ ಹಾಕುವುದನ್ನು ಚಿಕ್ಕಂದಿನಿಂದ ನೋಡಿದವಳು, ಆದರೂ ಆ ಹೊತ್ತಿಗೆ ಹೊಳೆಯಲಿಲ್ಲ. ಮಗಳು ಅರ್ಧ ತುಂಡು ತಿಂದ ಮೇಲೆ ತಟ್ಟೆಯ ಅಂಚಿನಲ್ಲಿ ಉದುರಿದ್ದ ಗರಿಗರಿ ಕಾಳು ನೋಡಿ ನನ್ನ ಜೀವ ಹಾರಿತು. ಮುಂದಿನ ಎರಡು ದಿನ ಅವಳು ರೂಮಿನಿಂದ ಹೊರಗೆ ಬರಲಿಲ್ಲ. ಕಿಟಕಿಯಿಂದ ಸಮುದ್ರ ಕಾಣುತ್ತಿತ್ತು.

ಅದಾದ ಮೇಲೂ ನಾವು ಗೋವಾಕ್ಕೆ ಹೋಗುವುದು ಬಿಡಲಿಲ್ಲ. ನಾದಿನಿ ವಾಸ್ಕೋದಲ್ಲಿದ್ದಾಳೆ, ನಾವಿರುವುದು ಮುಂಬೈನಲ್ಲಿ, ವರ್ಷಕ್ಕೆ ಒಂದು ಸಲವಾದರೂ ಹೋಗಿಯೇ ಹೋಗುತ್ತೇವೆ. ಈಗ ಮಗಳು ಹೊಟ್ಟೆ ತುಂಬ ಉಂಡು, ಆರಾಮಾಗಿ ತಿರುಗಾಡಿ ಬರುತ್ತಾಳೆ. ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲು ಕಾಯಿಲೆ ಬಗ್ಗೆ ಎರಡು ಮಾತು. ಸೀಲಿಯಾಕ್ ಅಂದರೆ ಅಲರ್ಜಿ ಅಲ್ಲ, ಡಯಟ್ ಫ್ಯಾಷನ್ ಅಂತೂ ಅಲ್ಲವೇ ಅಲ್ಲ. ಗೋಧಿ, ಜವೆಗೋಧಿ (ಬಾರ್ಲಿ), ರೈ ಅನ್ನುವ ಧಾನ್ಯ, ಈ ಮೂರರಲ್ಲಿ ಗ್ಲುಟೆನ್ ಎನ್ನುವ ಪ್ರೋಟೀನ್ ಇರುತ್ತದೆ. ಅದು ಒಳಗೆ ಹೋದರೆ ದೇಹದ ರೋಗ ತಡೆಯುವ ಶಕ್ತಿಯೇ ತಿರುಗಿ ನಿಂತು ಸಣ್ಣ ಕರುಳಿನ ಒಳಪದರವನ್ನು ಹಾಳು ಮಾಡುತ್ತದೆ. ಆಮೇಲೆ ಏನು ತಿಂದರೂ ಮೈಗೆ ಹತ್ತುವುದಿಲ್ಲ. ಗ್ಲುಟೆನ್ ಪೂರ್ತಿ ಬಿಡುವುದು ಒಂದೇ ಚಿಕಿತ್ಸೆ, ಅದೂ ಜೀವನಪೂರ್ತಿ. ‘ಟೂರಿಗೆ ಬಂದಿದ್ದೀವಿ, ಒಂದು ದಿನ ತಿಂದರೆ ಏನಾಗಲ್ಲ’ ಅನ್ನುವ ಮಾತು ನೆಂಟರ ಬಾಯಲ್ಲಿ ಬಂದೇ ಬರುತ್ತದೆ. ಆಗುತ್ತದೆ. ಕೆಲವರಿಗೆ ಹೊಟ್ಟೆನೋವು, ವಾಂತಿ ಏನೂ ಕಾಣಿಸದೆ ಒಳಗೊಳಗೇ ಕರುಳು ಕೆಡುತ್ತದೆ. (ನಿಮಗೆ ಸೀಲಿಯಾಕ್ ಇದೆ ಅಂತ ಬರೀ ಅನುಮಾನ ಇದ್ದರೆ ಸುಮ್ನೆ ಗೋಧಿ ಬಿಡಬೇಡಿ. ಮೊದಲು ಡಾಕ್ಟರ್ ಹತ್ತಿರ ಹೋಗಿ. ಗೋಧಿ ಬಿಟ್ಟ ಮೇಲೆ ರಕ್ತ ಪರೀಕ್ಷೆಯಲ್ಲಾಗಲಿ ಎಂಡೋಸ್ಕೋಪಿಯಲ್ಲಾಗಲಿ ಕಾಯಿಲೆ ಸರಿಯಾಗಿ ಸಿಗದೇ ಹೋಗಬಹುದು.)

ಹೆಜ್ಜೆ 1: ಪದ ಬದಲಿಸಿ

ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ವಿಷಯ ಇದೇ. ಗ್ಲುಟೆನ್ ಅನ್ನುವ ಪದ ಅಡುಗೆಮನೆಗೆ ಗೊತ್ತಿಲ್ಲ. ಅಡುಗೆಮನೆಗೆ ಗೊತ್ತಿರುವುದು ಹಿಟ್ಟುಗಳ ಹೆಸರು. ಅದಕ್ಕೆ ಒಂದೊಂದೇ ಹೆಸರು ಹಿಡಿದು ಕೇಳಿ: ರವೆ, ಮೈದಾ, ಗೋಧಿ ಹಿಟ್ಟು, ಬ್ರೆಡ್ ಪುಡಿ, ಶ್ಯಾವಿಗೆ, ಸೋಯಾ ಸಾಸ್, ಹಿಂಗು (ಕೊನೆಯ ಎರಡು ಯಾಕೆ ಅಂತ ಮುಂದೆ ಹೇಳುತ್ತೇನೆ). ಮೈದಾ, ರವೆ ಎರಡೂ ಗೋಧಿಯೇ ಅಂತ ಎಲ್ಲರಿಗೂ ಥಟ್ ಅಂತ ಹೊಳೆಯುವುದಿಲ್ಲ, ‘ಗೋಧಿ ಇಲ್ಲ’ ಅಂತ ಪ್ರಾಮಾಣಿಕವಾಗಿ ಹೇಳಿ ರವೆ ಹಚ್ಚಿದ ಮೀನು ತಂದಿಡುತ್ತಾರೆ, ಅವರ ಮೇಲೆ ಸಿಟ್ಟು ಮಾಡಿಕೊಂಡು ಪ್ರಯೋಜನವಿಲ್ಲ.

ಕೊಂಕಣಿಯಲ್ಲಿ ಬೇಡ ಅನ್ನುವುದಕ್ಕೆ ‘ನಾಕಾ’. ‘ಮೈದಾ ನಾಕಾ, ರವಾ ನಾಕಾ, ಗಂವಾಚೆಂ ಪೀಟ್ ನಾಕಾ’ ಇಷ್ಟು ಬಾಯಿಪಾಠ ಮಾಡಿಕೊಳ್ಳಿ. ಮರಾಠಿಯಲ್ಲಾದರೆ ‘ನಕೋ’, ಗೋಧಿಗೆ ‘ಗಹೂ’. ಹಿಂದಿಯಲ್ಲಿ ‘ಗೇಹೂಂ’. ಒಂದು ಎಚ್ಚರ: ಮರಾಠಿ, ಹಿಂದಿಯಲ್ಲಿ ‘ರಾಯಿ’ ಅಂದರೆ ಸಾಸಿವೆ. ರೈ ಬೇಡ ಅಂತ ನೀವು ಹೇಳಿದರೆ ಸಾಸಿವೆ ಒಗ್ಗರಣೆ ಬಿಟ್ಟು ಕೊಡುತ್ತಾರೆ ಅಷ್ಟೇ. ನಮ್ಮ ಕಡೆ ಅಡುಗೆಯಲ್ಲಿ ರೈ ಧಾನ್ಯ ಬಳಸುವುದೇ ಅಪರೂಪ, ಆ ಮಾತೇ ಎತ್ತಬೇಡಿ.

ಬಾಯಿಮಾತಿನ ಜೊತೆಗೆ ಒಂದು ಚೀಟಿಯೂ ಇರಲಿ. ನಮ್ಮದರಲ್ಲಿ ಹೀಗಿದೆ: ‘ಈ ಹುಡುಗಿಗೆ ಕರುಳಿನ ಕಾಯಿಲೆ ಇದೆ. ಗೋಧಿ, ಮೈದಾ, ರವೆ, ಬ್ರೆಡ್, ಸೋಯಾ ಸಾಸ್, ಹಿಂಗು ಸ್ವಲ್ಪವೂ ಆಗುವುದಿಲ್ಲ. ಅನ್ನ, ಅಕ್ಕಿ ಹಿಟ್ಟು, ತೆಂಗಿನಕಾಯಿ, ಮೀನು, ಮೊಟ್ಟೆ, ತರಕಾರಿ ಆಗುತ್ತದೆ. ದಯವಿಟ್ಟು ತೊಳೆದ ಬಾಣಲೆ, ಹೊಸ ಎಣ್ಣೆ ಬಳಸಿ.’ ಒಂದು ಬದಿ ಹಿಂದಿ, ಮರಾಠಿ, ಇನ್ನೊಂದು ಬದಿ ಕನ್ನಡ. ಗೋವಾದಲ್ಲಿ ಕನ್ನಡ ಯಾಕೆ ಅಂತೀರಾ? ಅಲ್ಲಿನ ಹೋಟೆಲುಗಳಲ್ಲಿ ಉತ್ತರ ಕರ್ನಾಟಕದಿಂದ ಕೆಲಸಕ್ಕೆ ಬಂದವರು ಸಿಗುತ್ತಾರೆ. ಒಂದು ಕಡೆ ನಮ್ಮ ಚೀಟಿ ಒಳಗೆ ಹೋದ ಎರಡೇ ನಿಮಿಷಕ್ಕೆ ಅಡುಗೆಯವರೇ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು ‘ಅಕ್ಕಾ, ಅಕ್ಕಿ ಹಿಟ್ಟು ಹಚ್ಚಿ ಕೊಡ್ಲೇನ್ರಿ?’ ಅಂದರು. ಬಾಗಲಕೋಟೆ ಕಡೆಯವರು. ನನ್ನ ಕಣ್ಣು ತುಂಬಿ ಬಂತು.

ಹೆಜ್ಜೆ 2: ಬ್ಯಾಗಿನಲ್ಲಿ ಏನಿರಬೇಕು

ಖಡಕ್ ಜೋಳದ ರೊಟ್ಟಿ! ನಮ್ಮವರು ಗದಗದವರು, ಅತ್ತೆ ಮಾಡಿ ಕಳಿಸುತ್ತಾರೆ. ವಾರಗಟ್ಟಲೆ ಕೆಡುವುದಿಲ್ಲ, ಶೇಂಗಾ ಚಟ್ನಿ ಪುಡಿ ಇದ್ದರೆ ಅದೇ ಒಂದು ಊಟ. ಜೋಳ, ರಾಗಿ, ಸಜ್ಜೆ ಯಾವುದರಲ್ಲೂ ಗ್ಲುಟೆನ್ ಇಲ್ಲ. ಅಪಾಯ ಇರುವುದು ಗಿರಣಿಯಲ್ಲಿ. ನಿಮಗಿಂತ ಮುಂಚೆ ಯಾರೋ ಗೋಧಿ ಬೀಸಿಕೊಂಡು ಹೋಗಿರುತ್ತಾರೆ, ಆ ಹಿಟ್ಟು ಕಲ್ಲಿನಲ್ಲಿ ಉಳಿದು ನಿಮ್ಮ ಜೋಳಕ್ಕೆ ಸೇರುತ್ತದೆ. ಹಾಗಾಗಿ ಅತ್ತೆ ಜೋಳ ತೊಳೆದು ಒಣಗಿಸಿ ಮನೆಯ ಸಣ್ಣ ಹಿಟ್ಟಿನ ಯಂತ್ರದಲ್ಲೇ ಬೀಸುತ್ತಾರೆ, ಅದಕ್ಕೆ ಗೋಧಿ ಹಾಕುವುದೇ ಇಲ್ಲ. ಹೋಟೆಲಿನ ಭಾಕ್ರಿಯನ್ನು ನಾವು ನಂಬುವುದಿಲ್ಲ. ಜೋಳದ ಜೊತೆ ಗೋಧಿ ಹಿಟ್ಟು ಬೆರೆಸುವವರಿದ್ದಾರೆ, ಚಪಾತಿ ಬೇಯಿಸಿದ ತವೆಯಲ್ಲೇ ಅದನ್ನೂ ಬೇಯಿಸುತ್ತಾರೆ.

ಅವಲಕ್ಕಿ, ಮಂಡಕ್ಕಿ, ಹುರಿದ ಶೇಂಗಾ, ರಾಜಗಿರಾ ಚಿಕ್ಕಿ ಇಟ್ಟುಕೊಳ್ಳಿ. ಪ್ಯಾಕೆಟ್ ತಿಂಡಿ ಕೊಂಡರೆ ‘ಗ್ಲುಟೆನ್ ಫ್ರೀ’ ಅಂತ ಬರೆದಿರುವುದನ್ನು ನೋಡಿ ಕೊಳ್ಳಿ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಹಾಗೆ ಬರೆಯಬೇಕಾದರೆ ಒಂದು ಕಿಲೋದಲ್ಲಿ 20 ಮಿಲಿಗ್ರಾಂಗಿಂತ ಜಾಸ್ತಿ ಗ್ಲುಟೆನ್ ಇರಬಾರದು. ಓಟ್ಸ್ ಬೆಳೆಯುವಾಗ, ಸಾಗಿಸುವಾಗ ಗೋಧಿ ಬೆರೆಯುವುದು ಜಾಸ್ತಿ, ಲೇಬಲ್ ಇಲ್ಲದ ಓಟ್ಸ್ ಬೇಡ. ಹಾಲಿಗೆ ಹಾಕುವ ಮಾಲ್ಟ್ ಪುಡಿಗಳೂ ಬೇಡ, ಮಾಲ್ಟ್ ಅಂದರೆ ಸಾಮಾನ್ಯವಾಗಿ ಜವೆಗೋಧಿಯೇ.

ಒಂದು ಚಿಕ್ಕ ಬಾಣಲೆ, ಸೌಟು, ಹೊಸ ಸ್ಪಂಜು, ಒಂದು ಸಣ್ಣ ಎಲೆಕ್ಟ್ರಿಕ್ ಕುಕ್ಕರ್. ಭಾರ ಅನಿಸಬಹುದು, ಆದರೂ ಒಯ್ಯಿರಿ. ರಾತ್ರಿ ಹತ್ತು ಗಂಟೆಗೆ ಮಗು ಹಸಿವು ಅಂದಾಗ ಒಂದು ಲೋಟ ಅಕ್ಕಿ ಬೇಯಿಸಿ ತುಪ್ಪ, ಉಪ್ಪು ಹಾಕಿ ಕೊಡುವುದಕ್ಕಿಂತ ದೊಡ್ಡ ನೆಮ್ಮದಿ ಇಲ್ಲ. ಕುಕ್ಕರ್ ಹಚ್ಚಬಹುದಾ ಅಂತ ಮಾತ್ರ ಹೋಟೆಲಿನವರನ್ನು ಮೊದಲೇ ಕೇಳಿಬಿಡಿ.

ಹೆಜ್ಜೆ 3: ದಾರಿಯ ಊಟ

ಮುಂಬೈನಿಂದ ನಾವು ಮಾಂಡವಿ ಎಕ್ಸ್‌ಪ್ರೆಸ್ ಹಿಡಿಯುತ್ತೇವೆ, ಬೆಳಿಗ್ಗೆ ಹತ್ತಿದರೆ ಸಂಜೆ ಮಡಗಾಂವ್. ಆ ಗಾಡಿಯ ತಿಂಡಿಗೆ ದೊಡ್ಡ ಹೆಸರಿದೆ, ಬೋಗಿಯಲ್ಲಿ ಇಡೀ ದಿನ ಏನಾದರೊಂದು ಬರುತ್ತಲೇ ಇರುತ್ತದೆ, ಮಗುವಿನ ಮೂಗಿಗೆ ಅದು ಬಡಿಯುತ್ತಲೇ ಇರುತ್ತದೆ. ಕಟ್ಲೆಟ್‌ಗೆ ಬ್ರೆಡ್ ಪುಡಿ, ಸೂಪಿಗೆ ಮೈದಾ. ವಡೆ ಕಡಲೆ ಹಿಟ್ಟಿನದೇ ಆದರೂ ಎಣ್ಣೆ ಸಮೋಸದ್ದು. ಹಾಗಾಗಿ ಆ ದಿನದ ಬುತ್ತಿ ಅವಳಿಗೆ ಇಷ್ಟವಾದದ್ದೇ ಇರಬೇಕು, ಬರೀ ‘ಆಗುವಂಥದ್ದು’ ಇದ್ದರೆ ಸಾಲದು. ನಾವು ಚಿತ್ರಾನ್ನ, ಬೇಯಿಸಿದ ಮೊಟ್ಟೆ, ಬಾಳೆಹಣ್ಣು ಒಯ್ಯುತ್ತೇವೆ, ಎಲ್ಲರೂ ಅದನ್ನೇ ತಿನ್ನುತ್ತೇವೆ.

ವಿಮಾನವಾದರೆ ಒಂದು ಗಂಟೆ ಚಿಲ್ಲರೆ ಅಷ್ಟೇ, ತಿಂದೇ ಹತ್ತಿ. ದೂರದ ವಿಮಾನ ಪ್ರಯಾಣದಲ್ಲಿ ಗ್ಲುಟೆನ್ ಇಲ್ಲದ ಊಟಕ್ಕೆ ಜಿಎಫ್‌ಎಂಎಲ್ ಎನ್ನುವ ಕೋಡ್ ಇದೆ, ಮೊದಲೇ ಹೇಳಿಡಬೇಕು.

ಮುಂಬೈ, ಪುಣೆ, ಗೋವಾ ಮೂರೂ ಕಡೆ ಕೈಹಿಡಿಯುವ ಇನ್ನೊಂದು ಉಪಾಯ ನನಗೆ ಬಹಳ ತಡವಾಗಿ ಹೊಳೆಯಿತು: ಉಪವಾಸದ ತಿಂಡಿ. ಏಕಾದಶಿ, ಸಂಕಷ್ಟಿ ಅಂತ ಮರಾಠಿ ಹೋಟೆಲುಗಳಲ್ಲಿ ಮಾಡುವ ತಿಂಡಿಗೆ ಗೋಧಿ ಮುಟ್ಟಿಸುವುದಿಲ್ಲ, ಸಾಮಾನ್ಯವಾಗಿ ಹಿಂಗೂ ಇರುವುದಿಲ್ಲ. ಸಾಬುದಾನಾ ಖಿಚಡಿ, ‘ವರೀಚೆ ತಾಂದೂಳ್’ ಅನ್ನುವ ಊದಲಿನಂಥ ಸಣ್ಣ ಧಾನ್ಯದ ಅನ್ನ, ಜೊತೆಗೆ ಮೊಸರು. ‘ಉಪವಾಸಕ್ಕೆ ನಡೆಯುತ್ತದಾ?’ ಅಂತ ಕೇಳಿದರೆ ಸಾಕು, ಕೂಡಲೇ ಅರ್ಥವಾಗುತ್ತದೆ, ಗಂಭೀರವಾಗಿಯೂ ತೆಗೆದುಕೊಳ್ಳುತ್ತಾರೆ. ಸಾಬುದಾನಾ ವಡೆ ಮಾತ್ರ ಬೇಡ, ಎಣ್ಣೆ ಬೇರೆ ಇರುತ್ತದೆ ಅನ್ನುವ ಖಾತ್ರಿ ಇಲ್ಲ.

ಹೆಜ್ಜೆ 4: ಗೋವಾದ ತಟ್ಟೆ

ಒಳ್ಳೆಯ ಸುದ್ದಿ ಏನು ಅಂದರೆ ಗೋವಾದ ಹಳೆಯ ಅಡುಗೆ ಅಕ್ಕಿಯದು, ತೆಂಗಿನದು. ಶೀತ್-ಕಡಿ, ಅಂದರೆ ಅನ್ನ ಮತ್ತು ಮೀನಿನ ಸಾರು. ತೆಂಗಿನಕಾಯಿ, ಮೆಣಸು, ಕೊತ್ತಂಬರಿ, ಹುಳಿ ಅರೆದು ಮಾಡುವ ಅದಕ್ಕೆ ಹಿಟ್ಟು ಬೇಕಾಗಿಯೇ ಇಲ್ಲ. ಥಾಲಿಯಲ್ಲಿ ಬರುವ ಒಣ ಸಿಗಡಿಯ ಕಿಸ್ಮೂರ್, ಕೋಕಂ ಮತ್ತು ತೆಂಗಿನ ಹಾಲಿನ ಸೋಲ್ ಕಡಿ, ಚಿಪ್ಪುಮೀನಿನ ತಿಸ್ರ್ಯೊ ಸುಕ್ಕೆ, ಇವೆಲ್ಲ ಸಾಧಾರಣವಾಗಿ ನಮ್ಮ ಪಾಲಿಗೆ ಸರಿ. ಮೀನು ತಿನ್ನದವರಿಗೆ ಖತ್ಖತೆ ಇದೆ, ತರಕಾರಿ, ತೊಗರಿಬೇಳೆ, ತೆಂಗು ಹಾಕಿದ್ದು, ತೆಪ್ಪಲ್ ಅನ್ನುವ ಮಸಾಲೆ ಕಾಯಿಯ ಘಮದ್ದು. ಇಡ್ಲಿಯಂಥ ಸಾಣ್ಣಾಂ ಕೂಡ ಅಕ್ಕಿಯದೇ. ಆದರೂ ಹೆಸರು ಹಿಡಿದು ಒಂದು ಸಲ ಕೇಳಿಯೇ ತಿನ್ನಿ.

ತೊಂದರೆ ಇರುವುದು ಆ ಥಾಲಿಯ ಅಂಚಿನಲ್ಲಿರುವ ಹುರಿದ ಮೀನಿನಲ್ಲಿ. ಮೀನಿಗೆ ಹಚ್ಚುವ ರೆಷಾದ್ ಅನ್ನುವ ಕೆಂಪು ಮಸಾಲೆ ಸರಿಯೇ, ಅದರ ಮೇಲೆ ಹೊರಳಿಸುವ ರವೆ ವಿಷ. ‘ರವೆ ಬೇಡ, ಬರೀ ಮಸಾಲೆ, ತೊಳೆದ ತವೆ’ ಅನ್ನಿ. ಅಕ್ಕಿ ಹಿಟ್ಟು ಇದೆಯಾ ಕೇಳಿ, ಬಹಳ ಕಡೆ ಇರುತ್ತದೆ. ತುಂಬಾ ಎಣ್ಣೆಯಲ್ಲಿ ಕರಿದದ್ದು ಬೇಡವೇ ಬೇಡ, ಆಲೂಗಡ್ಡೆ ಫ್ರೈ ಕೂಡ. ಅದೇ ಎಣ್ಣೆಯಲ್ಲಿ ಬೆಳಗಿನಿಂದ ರವೆ ಮೀನು ಬೆಂದಿರುತ್ತದೆ. ಹುಳಿಖಾರದ ಮಾಂಸದ ಅಡುಗೆ ವಿಂದಾಲುವಿಗೆ ಹಾಕುವ ತೆಂಗಿನ ಕಳ್ಳಿನ ವಿನೆಗರ್ ಪರವಾಗಿಲ್ಲ, ಮಾಲ್ಟ್ ವಿನೆಗರ್ ಆಗದು. ಮಸಾಲೆ ಸಾರು ಸುರಿದು ಕೊಡುವ ರಾಸ್ ಆಮ್ಲೆಟ್‌ನಲ್ಲಿ ಪಾವ್ ಬೇಡ ಅಂದರೆ ಸಾಲದು, ತಟ್ಟೆಯಲ್ಲಿ ಪಾವ್ ಇಟ್ಟು ಆಮೇಲೆ ತೆಗೆದದ್ದನ್ನೂ ಮುಟ್ಟಬೇಡಿ. ಪೊಯಿ, ಉಂಡೊ, ಕಾಂಕಣ್ ಎಲ್ಲ ಗೋಧಿಯ ಬ್ರೆಡ್‌ಗಳೇ. ಚೈನೀಸ್ ಪಟ್ಟಿಯನ್ನು ಪೂರ್ತಿ ಬಿಡಿ, ಸೋಯಾ ಸಾಸ್‌ಗೂ ಗೋಧಿ ಹಾಕುತ್ತಾರೆ.

ಹಿಂಗಿನ ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಅಂಗಡಿಯ ಡಬ್ಬಿಯ ಹಿಂಗು ಶುದ್ಧ ಹಿಂಗಲ್ಲ, ಅದರ ಜೊತೆ ಅಂಟು ಮತ್ತು ಸಾಮಾನ್ಯವಾಗಿ ಮೈದಾ ಸೇರಿರುತ್ತದೆ, ಡಬ್ಬಿಯ ಹಿಂದೆ ಓದಿ ನೋಡಿ. ಅಕ್ಕಿ ಹಿಟ್ಟು ಬೆರೆಸಿದ್ದೂ ಸಿಗುತ್ತದೆ, ಮನೆಗೆ ಅದನ್ನೇ ತನ್ನಿ. ಹೋಟೆಲಿನ ಸಾಂಬಾರ್, ದಾಲ್, ಹಪ್ಪಳ ಇವುಗಳಲ್ಲಿ ಹಿಂಗು ಇರುತ್ತದೆ ಅಂತಲೇ ಇಟ್ಟುಕೊಳ್ಳಿ. ಇಡ್ಲಿಗೆ ಅಕ್ಕಿ ರವೆ ಹಾಕಿದ್ದರೆ ಸರಿ, ಉಪ್ಪಿಟ್ಟಿನ ರವೆ ಹಾಕಿದ್ದರೆ ಇಲ್ಲ. ‘ಇಡ್ಲಿ ರವೆಯಾ, ಉಪ್ಪಿಟ್ಟಿನ ರವೆಯಾ?’ ಅಂತ ಬಿಡಿಸಿ ಕೇಳಿ.

ಹೊತ್ತು ನೋಡಿ ಹೋಗುವುದೂ ಮುಖ್ಯ. ಮಧ್ಯಾಹ್ನ ಎರಡಕ್ಕೆ ಶ್ಯಾಕ್ ತುಂಬಿರುವಾಗ ನಿಮ್ಮ ಚೀಟಿ ಓದುವವರು ಯಾರೂ ಇರುವುದಿಲ್ಲ. ಹನ್ನೆರಡಕ್ಕೇ ಹೋಗಿ. ಹೋಟೆಲಿನ ಬಫೆ ತಿಂಡಿಗೆ ಬಾಗಿಲು ತೆಗೆದ ಕೂಡಲೇ ಇಳಿಯಿರಿ, ತಡವಾದರೆ ಉಪ್ಪಿಟ್ಟಿನ ಸೌಟು ಪೋಹಾ ಪಾತ್ರೆಗೆ ಬಂದಿರುತ್ತದೆ. ಬೇಯಿಸಿದ ಮೊಟ್ಟೆ, ಹಣ್ಣು, ಮೊಸರು ಯಾವತ್ತೂ ಮೋಸ ಮಾಡಿಲ್ಲ.

ಹೆಜ್ಜೆ 5: ಸಿಹಿ, ಪ್ರಸಾದ, ಕುಡಿಯುವುದು

ಬೆಬಿಂಕಾದಲ್ಲಿ ಮೈದಾ ಇದೆ, ಬೋಲಿಂಞಾದಲ್ಲಿ ರವೆ, ಸೆರಾದುರಾದಲ್ಲಿ ಬಿಸ್ಕತ್ತಿನ ಪುಡಿ. ದೊದೊಲ್ ಅಕ್ಕಿ ಹಿಟ್ಟು, ಬೆಲ್ಲ, ತೆಂಗಿನ ಹಾಲಿನದು, ಆದರೂ ಯಾವ ಹಿಟ್ಟು ಅಂತ ಅಂಗಡಿಯಲ್ಲಿ ಕೇಳಿಯೇ ಕೊಳ್ಳಿ. ಅರಿಶಿನ ಎಲೆಯಲ್ಲಿ ಬೇಯಿಸುವ ಪಾತೊಳ್ಯೊ ಸಿಕ್ಕರೆ ಬಿಡಬೇಡಿ, ನಮ್ಮ ಕಡುಬಿನ ಹಾಗೇ ಅಕ್ಕಿ, ಕಾಯಿ, ಬೆಲ್ಲ.

ಮಂಗೇಶಿ, ಶಾಂತಾದುರ್ಗಾ ದೇವಸ್ಥಾನಕ್ಕೆ ಹೋದಾಗ ಪ್ರಸಾದ ಬೇಡ ಅನ್ನಲು ಮನಸ್ಸು ಬರುವುದಿಲ್ಲ, ಗೊತ್ತು. ರವೆಯ ಶಿರಾ ಇದ್ದರೆ ಕಣ್ಣಿಗೆ ಒತ್ತಿಕೊಂಡು ಪಕ್ಕದವರಿಗೆ ಕೊಟ್ಟು ಕೈ ತೊಳೆಯಿರಿ. ತೆಂಗಿನಕಾಯಿ, ಬಾಳೆಹಣ್ಣು ತಿನ್ನಬಹುದು. ದೊಡ್ಡವರಿಗೆ ಒಂದು ಮಾತು: ಬಿಯರ್ ಜವೆಗೋಧಿಯದು, ಗೋಡಂಬಿ ಹಣ್ಣಿನ ಫೆನಿಯಲ್ಲಿ ಗ್ಲುಟೆನ್ ಇಲ್ಲ.

ತಪ್ಪಿ ಹೊಟ್ಟೆಗೆ ಹೋದರೆ

ಆಗುತ್ತದೆ, ಎಷ್ಟೇ ಜಾಗ್ರತೆ ಇದ್ದರೂ ಒಮ್ಮೊಮ್ಮೆ ಆಗುತ್ತದೆ. ಮಗುವನ್ನು ಬೈಯಬೇಡಿ, ಅಡುಗೆಯವರನ್ನೂ ಬೇಡ. ಹೋದ ಗ್ಲುಟೆನ್ ಅನ್ನು ಹೊರಗೆ ತೆಗೆಯುವ ಮಾತ್ರೆ ಯಾವುದೂ ಇಲ್ಲ. ಬೆರಳು ಹಾಕಿ ವಾಂತಿ ಮಾಡಿಸಬೇಡಿ. ನೀರು, ಓಆರ್‌ಎಸ್, ಎಳನೀರು ಕೊಡುತ್ತಾ ಇರಿ, ಗಂಜಿ ಕೊಡಿ, ಮಲಗಲು ಬಿಡಿ. ವಾಂತಿ ಭೇದಿ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ, ಮಗು ಮಂಕಾದರೆ ಕಾಯದೆ ಆಸ್ಪತ್ರೆಗೆ ಹೋಗಿ. ಮುಂದಿನ ಊಟದಿಂದಲೇ ಮತ್ತೆ ಕಟ್ಟುನಿಟ್ಟು ಶುರು ಮಾಡಿ, ಹೇಗೂ ಕೆಟ್ಟಿತಲ್ಲ ಅಂತ ಇನ್ನೊಂದು ತುತ್ತು ಬೇಡ. ಯಾವ ದಿನ, ಏನು ತಿಂದಾಗ ಹೀಗಾಯಿತು ಅಂತ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಊರಿಗೆ ಮರಳಿ ಸೀಲಿಯಾಕ್‌ಗೆ ಮಾಡುವ ಟಿಟಿಜಿ ರಕ್ತ ಪರೀಕ್ಷೆ ಮಾಡಿಸುವಾಗ ಅದನ್ನು ಡಾಕ್ಟರಿಗೆ ತೋರಿಸಿ.