ಬೈಕಿಗೆ ಹೊಂದುವ ಟೆಂಟ್, ಬೆನ್ನಿಗೆ ಒಗ್ಗುವ ಹಾಸಿಗೆ: ನನ್ನ ಅನುಭವ

ನಾನು ಕೊಂಡ ಮೊದಲ ಟೆಂಟ್ ಎರಡು ಕಿಲೋಗಿಂತ ಕಡಿಮೆ ತೂಗುತ್ತಿತ್ತು. ಅಷ್ಟು ಹಗುರವಾದದ್ದನ್ನು ಹುಡುಕಲು ವಾರಗಟ್ಟಲೆ ತಲೆ ಕೆಡಿಸಿಕೊಂಡಿದ್ದೆ. ತಂದು ಬೈಕಿನ ಪಕ್ಕಕ್ಕೆ ತಗುಲಿಸುವ ಪ್ಯಾನಿಯರ್ ಪೆಟ್ಟಿಗೆಗೆ ತುಂಬಿಸಲು ಹೊರಟಾಗ ಪೇಚಾಟ ಶುರುವಾಯಿತು. ಮಡಚಿದ ಕೋಲುಗಳ ಉದ್ದ 52 ಸೆಂ.ಮೀ., ಪೆಟ್ಟಿಗೆಯ ಒಳಗಿನ ಉದ್ದ 41 ಸೆಂ.ಮೀ. ಓರೆಯಾಗಿಟ್ಟರೂ ಮುಚ್ಚಳ ಕೂರಲಿಲ್ಲ. ತೂಕದ ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡಿದ್ದವನು ಅಳತೆಪಟ್ಟಿ ಹಿಡಿಯುವುದನ್ನೇ ಮರೆತಿದ್ದೆ.

ಆ ತೂಕದ ಗೀಳು ಬೆನ್ನ ಮೇಲೆ ಹೊತ್ತು ನಡೆಯುವವರಿಂದ ನನಗೆ ಅಂಟಿಕೊಂಡದ್ದು. ಅವರಿಗೆ ನೂರು ಗ್ರಾಂ ಕೂಡ ದೊಡ್ಡದು. ಇನ್ನೂರು ಕಿಲೋ ತೂಗುವ ಬೈಕಿಗೆ ಒಂದು ಕಿಲೋ ಹೆಚ್ಚಾದರೆ ತಿಳಿಯುವುದೂ ಇಲ್ಲ. ತಿಳಿಯುವುದು ಆ ಭಾರ ಎಲ್ಲಿ ಕೂತಿದೆ ಎನ್ನುವುದು. ಹಿಂದಿನ ಚಕ್ರದ ಅಚ್ಚಿಗಿಂತ ಹಿಂದಕ್ಕೆ, ಎತ್ತರದಲ್ಲಿ ಹೇರಿದರೆ ಮುಂದಿನ ಚಕ್ರ ಹಗುರವಾಗಿ, ನಿಧಾನದ ತಿರುವುಗಳಲ್ಲಿ ಬೈಕು ತನ್ನದೇ ಮನಸ್ಸಿನಂತೆ ವಾಲತೊಡಗುತ್ತದೆ. ಈಗ ನನ್ನ ಬಳಿ ಇರುವ ಟೆಂಟ್ ಮೊದಲಿನದಕ್ಕಿಂತ ಮುಕ್ಕಾಲು ಕಿಲೋ ಭಾರ. ಆದರೆ ಅದರ ಕೋಲುಗಳ ತುಂಡುಗಳು ಗಿಡ್ಡ, ಮಡಚಿದರೆ 38 ಸೆಂ.ಮೀ. ಪೆಟ್ಟಿಗೆಯೊಳಗೆ ನೆಮ್ಮದಿಯಾಗಿ ಮಲಗುತ್ತವೆ. ಉದ್ದ ಕೋಲಿನ ಟೆಂಟ್ ಈಗಾಗಲೇ ಕೊಂಡಿರುವವರು ಅದರ ಚೀಲವನ್ನೇ ಮರೆತುಬಿಡಬಹುದು: ಬಟ್ಟೆಯನ್ನು ಪೆಟ್ಟಿಗೆಯ ಸಂದುಗಳಲ್ಲಿ ತುರುಕಿ, ಕೋಲುಗಳನ್ನು ಮಾತ್ರ ಬೇರೆಯಾಗಿ ಬಿಗಿದರಾಯಿತು. ಕೋಲು ಅಲ್ಯೂಮಿನಿಯಂನದಾಗಿರಲಿ. ಫೈಬರ್‌ಗ್ಲಾಸ್ ಕೋಲು ಮುರಿದರೆ ಸಿಬಿರು ಏಳುತ್ತದೆ, ಅದು ಬಟ್ಟೆಯನ್ನೂ ಬೆರಳನ್ನೂ ಬಿಡುವುದಿಲ್ಲ.

‘ಇಬ್ಬರಿಗೆ’ ಎಂದು ಬರೆದಿರುವ ಟೆಂಟಿನಲ್ಲಿ ಸುಮಾರು 51 ಸೆಂ.ಮೀ. ಅಗಲದ ಎರಡು ಹಾಸಿಗೆಗಳು ಅಕ್ಕಪಕ್ಕ ಹಿಡಿಸುತ್ತವೆ, ಅಷ್ಟೇ. ಹೆಲ್ಮೆಟ್, ಜಾಕೆಟ್, ಬೂಟುಗಳಿಗೆ ಆ ಲೆಕ್ಕದಲ್ಲಿ ಜಾಗವಿಲ್ಲ. ಹಾಗಾಗಿ ಒಬ್ಬನೇ ಹೋಗುವಾಗಲೂ ನಾನು ಇಬ್ಬರ ಟೆಂಟನ್ನೇ ಒಯ್ಯುತ್ತೇನೆ. ಬಾಗಿಲ ಮುಂದೆ ಹೊರ ಹೊದಿಕೆಯಡಿ ಸಿಗುವ ಜಾಗವನ್ನು ವೆಸ್ಟಿಬ್ಯೂಲ್ ಎನ್ನುತ್ತಾರೆ, ನನ್ನ ಪಾಲಿಗೆ ಅದು ಜಗಲಿ. ಕೆಸರು ಮೆತ್ತಿದ ಬೂಟುಗಳಿಗೆ ಅದೇ ಗತಿ. ಜಗಲಿಯಿಲ್ಲದ ಟೆಂಟಿನಲ್ಲಿ ದಿನವಿಡೀ ಓಡಿಸಿದ ಬೂಟುಗಳ ಪಕ್ಕ ಮಲಗಿದ ರಾತ್ರಿಯನ್ನು ಹೆಚ್ಚು ವರ್ಣಿಸುವುದು ಬೇಡ. ಇನ್ನು, ಗೂಟ ಹೊಡೆಯದೆಯೂ ತನ್ನ ಕಾಲ ಮೇಲೆ ನಿಲ್ಲುವ ಟೆಂಟ್ ಆರಿಸಿಕೊಂಡದ್ದಕ್ಕೆ ನಾನು ಎಂದೂ ಪಶ್ಚಾತ್ತಾಪ ಪಟ್ಟಿಲ್ಲ. ಬೈಕು ನಿಲ್ಲಿಸಲು ಒಳ್ಳೆಯದಾದ ಗಟ್ಟಿ ನೆಲ ಗೂಟಕ್ಕೆ ಮಣಿಯುವುದಿಲ್ಲ. ಹಾಗೆಂದು ಗಾಳಿಯಲ್ಲಿ ಅದನ್ನು ಸುಮ್ಮನೆ ಬಿಡಬಾರದು, ಮೂಲೆಗಳನ್ನು ಕಲ್ಲುಗಳಿಗಾದರೂ ಕಟ್ಟಬೇಕು.

ಬೈಕಿಗೇ ಹಗ್ಗ ಕಟ್ಟಿದರೆ ಹೇಗೆ ಎಂದು ಒಮ್ಮೆ ಜಾಣತನ ತೋರಿಸಿದ್ದೆ. ರಾತ್ರಿ ಮಳೆ ಬಂದು ನೆಲ ಮೆತ್ತಗಾಯಿತು. ಸೈಡ್ ಸ್ಟ್ಯಾಂಡ್ ಮೆಲ್ಲಗೆ ಹೂತು, ಬೈಕು ಎಡಕ್ಕೆ ಉರುಳಿತು. ನಾನು ಮಲಗಿದ್ದದ್ದು ಬಲಕ್ಕೆ, ಅದು ಅದೃಷ್ಟ. ಹಗ್ಗ ಕಿತ್ತು ಹೊದಿಕೆ ಅರ್ಧ ಅಡಿ ಹರಿಯಿತು. ಅಂದಿನಿಂದ ಸ್ಟ್ಯಾಂಡಿನ ಅಡಿಗೆ ಅಂಗೈಯಗಲದ ಚಪ್ಪಟೆ ತಟ್ಟೆಯೊಂದನ್ನು ಇಡುತ್ತೇನೆ. ಟೆಂಟನ್ನು ಸ್ಟ್ಯಾಂಡ್ ಇಲ್ಲದ ಬದಿಗೇ ಹಾಕುತ್ತೇನೆ. ಅನೇಕ ಬೈಕುಗಳಲ್ಲಿ ಸೈಲೆನ್ಸರ್ ಇರುವುದೂ ಅದೇ ಬದಿಗೆ, ಬಿಸಿ ಸೈಲೆನ್ಸರಿಗೆ ತಗುಲಿದ ನೈಲಾನ್ ಕ್ಷಣದಲ್ಲಿ ಕರಗುತ್ತದೆ. ಆದ್ದರಿಂದ ನಡುವೆ ಒಂದು ಬೈಕಿನ ಉದ್ದದಷ್ಟು ಅಂತರ.

ನೀರಿನ ವಿಷಯ. ಬಟ್ಟೆಯ ಮೇಲೆ 1500 ಮಿ.ಮೀ., 3000 ಮಿ.ಮೀ. ಎಂದು ಬರೆದಿರುತ್ತಾರೆ. ಎಷ್ಟು ಎತ್ತರದ ನೀರಿನ ಒತ್ತಡವನ್ನು ಆ ಬಟ್ಟೆ ಸೋರದೆ ತಾಳುತ್ತದೆ ಎನ್ನುವ ಲೆಕ್ಕ ಅದು. ಹೊರ ಹೊದಿಕೆಗೆ 1500 ನನಗೆ ಸಾಕಾಗಿದೆ. ನೆಲದ ಬಟ್ಟೆಯ ಮೇಲೆ ಮೊಣಕಾಲೂರುತ್ತೇವೆ, ಅಲ್ಲಿ ಹೆಚ್ಚಿನದೇ ಬೇಕು. ಆದರೂ ನಾನು ಮೊದಲ ಸಲ ತೊಯ್ದದ್ದು ಒಂದು ಹನಿ ಮಳೆಯೂ ಬೀಳದ ರಾತ್ರಿ. ಚಳಿಯೆಂದು ಕಿಂಡಿಗಳನ್ನೆಲ್ಲ ಮುಚ್ಚಿ ಮಲಗಿದ್ದೆ. ನನ್ನದೇ ಉಸಿರಿನ ಆವಿ ತಣ್ಣನೆಯ ಬಟ್ಟೆಗೆ ತಾಗಿ ಹನಿಗಟ್ಟಿ, ಬೆಳಗಿನ ಜಾವ ಮುಖದ ಮೇಲೆ ತೊಟ್ಟಿಕ್ಕತೊಡಗಿತು. ಟೆಂಟ್ ಸೋರುತ್ತಿದೆ ಎಂದು ಅಂದು ಬೈದದ್ದೆಲ್ಲ ಅನ್ಯಾಯವೇ. ಒಳಗೆ ಜಾಲರಿ, ಹೊರಗೆ ಹೊದಿಕೆ ಎಂಬ ಎರಡು ಪದರದ ಟೆಂಟಿನಲ್ಲಿ ಆ ಹನಿಗಳು ಹೊರ ಪದರದ ಒಳಮೈಯಲ್ಲೇ ಇಳಿದುಹೋಗುತ್ತವೆ. ಅಲ್ಲೂ ಕಿಂಡಿ ತೆರೆದಿರಬೇಕು. ಇನ್ನೊಂದು ಸಂಗತಿ: ನೈಲಾನ್ ತೇವವಾದರೆ ಹಿಗ್ಗುತ್ತದೆ. ಸಂಜೆ ತಮಟೆಯಂತೆ ಬಿಗಿದ ಹೊದಿಕೆ ನಡುರಾತ್ರಿ ಜೋತುಬಿದ್ದು ಒಳಪದರಕ್ಕೆ ಅಂಟಿಕೊಳ್ಳುತ್ತದೆ. ಪಾಲಿಯೆಸ್ಟರ್ ಅಷ್ಟು ಹಿಗ್ಗುವುದಿಲ್ಲ, ಬಿಸಿಲನ್ನೂ ಹೆಚ್ಚು ತಾಳುತ್ತದೆ. ಅದರ ತುಸು ಭಾರವನ್ನು ಹೊರಲು ಬೈಕು ಇದ್ದೇ ಇದೆಯಲ್ಲ.

ಹಣವನ್ನು ನಾನು ತಪ್ಪು ಜಾಗದಲ್ಲಿ ಸುರಿದದ್ದು ಮಾತ್ರ ಹಾಸಿಗೆಯ ವಿಚಾರದಲ್ಲಿ. ಸೊನ್ನೆಗಿಂತ ಕೆಳಗಿನ ಚಳಿಗೆಂದು ಹೇಳಲಾದ ದಪ್ಪ ಸ್ಲೀಪಿಂಗ್ ಬ್ಯಾಗ್ ಕೊಂಡು, ಅಡಿಗೆ ತೆಳ್ಳನೆಯ ಫೋಮ್ ಚಾಪೆ ಹಾಸಿದೆ. 4 ಡಿಗ್ರಿಯ ರಾತ್ರಿಯಲ್ಲಿ ಮೇಲೆ ಬೆವರು, ಬೆನ್ನಿಗೆ ನಡುಕ. ಕಾರಣ ಸರಳ. ಬ್ಯಾಗಿನೊಳಗಿನ ತುಪ್ಪುಳ ಬೆಚ್ಚಗಿಡುವುದು ತಾನು ಹಿಡಿದಿಟ್ಟ ಗಾಳಿಯಿಂದ. ಮೈಭಾರಕ್ಕೆ ಅದು ಅಪ್ಪಚ್ಚಿಯಾದ ಕಡೆ ಗಾಳಿಯೇ ಇಲ್ಲ. ಅಲ್ಲಿ ನಿಮ್ಮನ್ನು ಕಾಯುವುದು ಚಾಪೆಯೊಂದೇ.

ಚಾಪೆಯ ಈ ಶಕ್ತಿಯನ್ನು ಆರ್-ಮೌಲ್ಯ ಎಂಬ ಸಂಖ್ಯೆಯಲ್ಲಿ ಹೇಳುತ್ತಾರೆ. ಮೊದಲೆಲ್ಲ ತಯಾರಕರು ತಮಗೆ ತೋಚಿದ ರೀತಿಯಲ್ಲಿ ಅಳೆಯುತ್ತಿದ್ದರು. 2018ರಲ್ಲಿ ಎಎಸ್‌ಟಿಎಂ ಎಫ್3340 ಎಂಬ ಮಾನದಂಡ ಬಂದ ಮೇಲೆ ಅದರ ಪ್ರಕಾರ ಅಳೆದ ಚಾಪೆಗಳನ್ನು ಒಂದಕ್ಕೊಂದು ಹೋಲಿಸಲು ಸಾಧ್ಯವಾಗಿದೆ. ಇದರ ಒಳ್ಳೆಯ ಗುಣವೆಂದರೆ ಕೂಡಿಸಬಹುದು: 2ರ ಫೋಮ್ ಮೇಲೆ 3ರ ಗಾಳಿಹಾಸಿಗೆ ಹಾಕಿದರೆ 5. ನಾನು ಈಗ ಹಾಗೆಯೇ ಮಾಡುತ್ತೇನೆ. ಫೋಮ್ ಮುಳ್ಳನ್ನು ತಡೆಯುತ್ತದೆ, ಗಾಳಿಹಾಸಿಗೆ ತೂತಾದ ರಾತ್ರಿ ಮಾನವನ್ನೂ ಕಾಯುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ಗಾದೆ ಉದ್ದದ ಬಗ್ಗೆ ಎಚ್ಚರಿಸುತ್ತದೆ, ಅಗಲದ ಬಗ್ಗೆ ಮಾತೇ ಇಲ್ಲ. 51 ಸೆಂ.ಮೀ. ಅಗಲದಲ್ಲಿ ನನ್ನ ಮೊಣಕೈಗಳು ರಾತ್ರಿಯಿಡೀ ನೆಲದಲ್ಲಿದ್ದವು. 64 ಸೆಂ.ಮೀ.ಗೆ ಬದಲಾಯಿಸಿದ ಮೇಲೆ ನಿದ್ದೆ ಎನ್ನುವಂಥ ನಿದ್ದೆ ಬಂತು.

ಸ್ಲೀಪಿಂಗ್ ಬ್ಯಾಗಿನ ಮೇಲೆ ದೊಡ್ಡದಾಗಿ ಅಚ್ಚಾದ ಉಷ್ಣಾಂಶವನ್ನು ನಾನು ಈಗ ನಂಬುವುದಿಲ್ಲ. ಐಎಸ್‌ಒ 23537 ಮಾನದಂಡದಲ್ಲಿ ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್ ಎಂದು ಬೇರೆ ಬೇರೆ ಅಂಕಿಗಳಿವೆ. ಲಿಮಿಟ್ ಎಂದರೆ ಮುದುಡಿ ಮಲಗಿದ ಗಂಡಸು ಹೇಗೋ ರಾತ್ರಿ ಕಳೆಯುವ ಮಟ್ಟ. ಎಕ್ಸ್‌ಟ್ರೀಮ್ ಕೇವಲ ಜೀವ ಉಳಿಯುವ ಮಾತು, ಅಲ್ಲಿ ನಿದ್ದೆಯ ಪ್ರಶ್ನೆಯೇ ಇಲ್ಲ. ನಾನು ಓದುವುದು ಕಂಫರ್ಟ್, ಅಂದರೆ ಹಾಯಾಗಿ ಮಲಗಬಹುದಾದ ಮಟ್ಟದ ಅಂಕಿಯನ್ನು ಮಾತ್ರ. ತುಪ್ಪುಳದ ಬ್ಯಾಗ್ ಪುಟ್ಟದಾಗಿ ಮಡಚಿಕೊಳ್ಳುತ್ತದೆ, ಆದರೆ ನೆನೆದರೆ ಹಸಿ ಹಿಟ್ಟಿನಂತೆ ಮುದ್ದೆಯಾಗುತ್ತದೆ. ಸಿಂಥೆಟಿಕ್ ಗಾತ್ರದಲ್ಲಿ ದೊಡ್ಡದು, ನೆನೆದರೂ ಒಂದಿಷ್ಟು ಬೆಚ್ಚಗಿಡುತ್ತದೆ. ಜಾಗದ ಲೋಭಕ್ಕೆ ನಾನು ತುಪ್ಪುಳವನ್ನೇ ಆರಿಸಿ, ಬಾಯಿ ಸುತ್ತಿ ಮುಚ್ಚುವ ಜಲನಿರೋಧಕ ಚೀಲದಲ್ಲಿ ಜೋಪಾನ ಮಾಡುತ್ತೇನೆ. ಬೆವರಿದ ಒಳಬಟ್ಟೆಯಲ್ಲಿ ಅದರೊಳಗೆ ತೂರುವುದಿಲ್ಲ. ಮಲಗಲೆಂದೇ ಒಂದು ಜೊತೆ ಒಣ ಬಟ್ಟೆ, ಕಾಲುಚೀಲ ಆ ಚೀಲದಲ್ಲೇ ಇರುತ್ತವೆ.

ದಿಂಬಿನ ಸಮಸ್ಯೆ ಇನ್ನೂ ಬಗೆಹರಿದಿಲ್ಲ. ರೈಡಿಂಗ್ ಜಾಕೆಟ್ ಮಡಚಿಟ್ಟರೆ ಮೊಣಕೈಯ ರಕ್ಷಾಕವಚ ಸರಿಯಾಗಿ ಕಿವಿಗೇ ಬಂದು ನಿಲ್ಲುತ್ತದೆ.

ಕಟ್ಟುವಾಗ ಸ್ಲೀಪಿಂಗ್ ಬ್ಯಾಗ್ ಮೊದಲು, ಟೆಂಟ್ ಕೊನೆಗೆ. ಮಳೆಯಲ್ಲಿ ತಲುಪಿದಾಗ ಮೊದಲು ಕೈಗೆ ಸಿಗಬೇಕಾದದ್ದು ಅದೇ. ಪಟ್ಟಿಗಳ ಉಳಿದ ತುದಿಗಳನ್ನು ಸುತ್ತಿ ಸಿಕ್ಕಿಸುತ್ತೇನೆ. ಸಡಿಲ ಬಿಟ್ಟ ತುದಿಯೊಂದು ಒಮ್ಮೆ ಚೈನಿನ ಕಡೆಗೆ ಹಾರಿ ತುಂಡಾಯಿತು. ಹಿಂದಿನ ಚಕ್ರಕ್ಕೆ ಸುತ್ತಿಕೊಂಡಿದ್ದರೆ ಇದನ್ನು ಬರೆಯಲು ಕೂರುತ್ತಿರಲಿಲ್ಲವೇನೋ. ಮನೆ ತಲುಪಿದ ದಿನ ಎಷ್ಟೇ ದಣಿದಿದ್ದರೂ ಟೆಂಟನ್ನು ಬಿಚ್ಚಿ ಹರವಿಯೇ ಮಲಗುವುದು. ಒದ್ದೆಯಾಗಿ ಮಡಚಿಟ್ಟ ನನ್ನ ಹಳೆಯ ಹೊದಿಕೆಯ ಒಳಲೇಪನ ಅಂಟಂಟಾಗಿ, ಮುಗ್ಗಲು ವಾಸನೆ ಹಿಡಿದು ಹಾಳಾಯಿತು. ಸ್ಲೀಪಿಂಗ್ ಬ್ಯಾಗ್ ಮಾತ್ರ ಮುಂದಿನ ಪ್ರಯಾಣದವರೆಗೆ ಕಪಾಟಿನಲ್ಲಿ ಸಡಿಲವಾಗಿ, ಉಬ್ಬಿಕೊಂಡೇ ತೂಗಾಡುತ್ತಿರುತ್ತದೆ.